ಕೊಣ್ಣೂರಿನಲ್ಲಿ ಬಂಡಿ ಇಳಿದವಳು

ಕೆಂಪಗೆ ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗ ಒಂದು ವಾಸನೆ ಏಳುತ್ತದೆ. ಒದ್ದೆ ಬೂದಿಯದೂ ಅಲ್ಲ, ರಕ್ತದ್ದೂ ಅಲ್ಲ, ಎರಡರ ನಡುವಿನದು. ಈ ಮುಪ್ಪಿನಲ್ಲೂ ಅದು ಬಂದ ಕಡೆ ನಾನು ನಿಂತುಬಿಡುತ್ತೇನೆ. ನಾನು ಹುಟ್ಟಿದ್ದೇ ಆ ವಾಸನೆಯೊಳಗೆ. ನಮ್ಮ ಮನೆ ಒಂದು ಎತ್ತಿನ ಬಂಡಿ. ಗಜೇಂದ್ರಗಡ, ಸೂಡಿ, ರೋಣ, ನರಗುಂದ ಎಂದು ಅದು ನಿಂತ ಊರುಗಳ ಹೊರಗಿನ ಬಯಲೇ ನಮ್ಮ ಅಂಗಳ. ಜನ ನಮ್ಮನ್ನು ಬೈಲಕಮ್ಮಾರರು ಎನ್ನುತ್ತಿದ್ದರು. ಅಪ್ಪ ನೆಲದಲ್ಲಿ ಕುಳಿ ತೋಡಿ ಕುಲುಮೆ ಹೂಡುತ್ತಿದ್ದ. ಅವನು ಇಕ್ಕಳದಲ್ಲಿ ಕುಡಗೋಲು ಹಿಡಿದರೆ, ಎದುರಿಗೆ ನಿಂತು ದೊಡ್ಡ ಸುತ್ತಿಗೆ ಎತ್ತಿ ಬಡಿಯುತ್ತಿದ್ದವಳು ಅವ್ವ. ನಮ್ಮಲ್ಲಿ ಸುತ್ತಿಗೆ ಹೆಂಗಸರದು.

ಐದು ಬಂಡಿಗಳ ಯಜಮಾನಿಕೆ ನನ್ನ ಅಜ್ಜಿಯದು. ಬಡಗಣ ಸೀಮೆಯಿಂದ, ಒಂಟೆ ತಿರುಗುವ ನಾಡಿನಿಂದ, ನಾವು ಬಂದವರೆಂದು ಅವಳು ಹೇಳುತ್ತಿದ್ದಳು. ಆ ನಾಡನ್ನು ಅವಳೂ ಕಂಡಿರಲಿಲ್ಲ, ಅವಳ ಅಜ್ಜಿಯೂ ಕಂಡಿರಲಿಲ್ಲ. ಆದರೂ ಬಂಡಿಯ ನೆರಳಿನಲ್ಲಿ ಕನ್ನಡ ಆಡಿದರೆ ಬಾಯಿಗೆ ಹೊಡೆಯುತ್ತಿದ್ದಳು. ಕನ್ನಡ ಗಿರಾಕಿಗೆ, ನಮ್ಮ ಮಾತು ನಮಗೆ. ಸೂರಿನ ಕೆಳಗೆ ಮಲಗುವ ಹಾಗಿಲ್ಲ, ಊರವರು ಬೇಯಿಸಿದ ಅನ್ನ ಉಣ್ಣುವ ಹಾಗಿಲ್ಲ. ಹೀಗೆ ಬಿಗಿ ಹಿಡಿಯದಿದ್ದರೆ, ಹೊಳೆಗೆ ಬಿದ್ದ ಉಪ್ಪಿನಂತೆ ಕರಗಿಹೋಗುತ್ತೇವೆ ಎಂಬ ಭಯ ಅವಳಿಗೆ. ಅದೇ ಅಜ್ಜಿ ನನ್ನ ತಲೆಯ ಹೇನು ತೆಗೆಯುತ್ತಿದ್ದಳು; ರೊಟ್ಟಿಯ ಮೆತ್ತಗಿನ ನಡುಭಾಗವನ್ನು ನನಗೆ ಮುರಿದುಕೊಟ್ಟು, ತಾನು ಸೀದ ಅಂಚು ತಿನ್ನುತ್ತಿದ್ದಳು.

ಅದು ಐವತ್ತರ ದಶಕದ ಮೊದಮೊದಲು, ನನಗೆ ಆರು ವರ್ಷ. ಮಲಪ್ರಭೆ ತುಂಬಿ ಬಂದು ನಾವು ಕೊಣ್ಣೂರಿನ ದಂಡೆಯಲ್ಲಿ ಸಿಕ್ಕಿಕೊಂಡೆವು. ಕೆಂಪು ನೀರನ್ನೇ ಕುಡಿದೆವು. ಮೂರನೆಯ ದಿನ ವಾಂತಿಭೇದಿ ಶುರುವಾಯಿತು. ಕಾಕಾನ ಇಬ್ಬರು ಗಂಡುಮಕ್ಕಳು ಒಂದೇ ಹಗಲಿನಲ್ಲಿ ಹೋದರು. ಊರವರು ಅಂಜಿ ದಾರಿಗೆ ಮುಳ್ಳುಕಂಟಿ ಎಳೆದರು. ಆಮೇಲೆ ನಾನು ಬಿದ್ದೆ. ಬಂಡಿಯ ಕೆಳಗೆ ಕಣ್ಣು ಮೇಲಾಗಿ ಮಲಗಿದ್ದ ನನ್ನನ್ನು, ಆ ಮುಳ್ಳು ದಾಟಿ ಬಂದು ಎತ್ತಿಕೊಂಡವಳು ಬಸವ್ವ. ಮಕ್ಕಳಿಲ್ಲದ ವಿಧವೆ. ಎಮ್ಮೆ ಮೇಯಿಸಲು ಬಂದವಳು ನನ್ನನ್ನು ನೋಡಿದ್ದಳಂತೆ.

"ಕೂಸು ಸಾಯತೈತಿ. ನಿಮ್ಮ ರೀತಿ ಆಮ್ಯಾಲ ನೋಡಿಕೋರಿ," ಎಂದಳಂತೆ. ಅವ್ವ ಅಜ್ಜಿಯ ಮುಖ ನೋಡಿದಳು. ಅಜ್ಜಿ ನದಿಯ ಕಡೆ ತಿರುಗಿ ನಿಂತಳು.

ಬಸವ್ವ ನನ್ನನ್ನು ತನ್ನ ಮನೆಗೆ ಒಯ್ದು, ಹಗಲೂ ರಾತ್ರಿ ಗಂಜಿಯ ತಿಳಿಗೆ ಉಪ್ಪು ಬೆಲ್ಲ ಹಾಕಿ ಚಮಚದಲ್ಲಿ ಕುಡಿಸಿದಳು. ನಾನು ಬದುಕಿದೆ. ಎದ್ದು ಗೋಡೆ ಹಿಡಿದು ನಡೆಯುವ ಹೊತ್ತಿಗೆ ತಿಂಗಳು ಕಳೆದಿತ್ತು, ನದಿ ಇಳಿದಿತ್ತು, ಬಂಡಿಗಳು ಹೊರಡಲು ಸಿದ್ಧವಾಗಿದ್ದವು. ಅಜ್ಜಿ ಬಂದು ಬಸವ್ವನ ಹೊಸ್ತಿಲ ಹೊರಗೆ ಬಿಸಿಲಲ್ಲಿ ಕುಳಿತಳು. ಕೊಟ್ಟ ನೀರು ಮುಟ್ಟಲಿಲ್ಲ.

"ಸೂರಿನಾಗ ಮಲಗೇತಿ, ನಿಮ್ಮ ಅನ್ನ ಉಂಡೇತಿ. ಇದನ್ನ ಒಯ್ದರ ಉಳಿದ ಹುಡುಗ್ಯಾರನ್ನ ನಮ್ಮವರು ಯಾರೂ ಲಗ್ನಕ್ಕ ಕೇಳೂದಿಲ್ಲ," ಎಂದಳು.

"ಹಡದಾಕಿ ಏನಂತಾಳ?" ಬಸವ್ವ ಕೇಳಿದಳು.

"ಆಕಿ ಅಳಾಕತ್ತಾಳ. ಅಳಲಿ."

ನಂತರ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಕೊರಳಲ್ಲಿದ್ದ ಮಣಿಸರ ಬಿಚ್ಚಿಕೊಂಡಳು. ಅದು ನಮ್ಮ ಹುಡುಗಿಯರ ಗುರುತು. ಏನೋ ಕೊಡುತ್ತಾಳೆಂದು ನಾನು ಅಂಗೈ ಚಾಚಿದ್ದೆ. ಗಂಟು ಬಿಚ್ಚಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ನಾನು ಜಮ್ನಿಯಾಗಿದ್ದವಳು ಅಂದಿನಿಂದ ಗಂಗವ್ವನಾದೆ.

ನಾಲ್ಕು ವರ್ಷದ ಮೇಲೆ, ರೋಣದ ಬಯಲಿನಲ್ಲಿ ಬಂಡಿಗಳು ಬಂದಿವೆಯೆಂದು ಯಾರೋ ಹೇಳಿದ್ದೇ ತಡ, ಬಸವ್ವ ನನ್ನ ತಲೆ ಬಾಚಿ ಬಸ್ಸು ಹತ್ತಿಸಿದಳು. ಐದಿದ್ದ ಬಂಡಿಗಳು ಮೂರಾಗಿದ್ದವು. ಅಜ್ಜಿ ತೀರಿಕೊಂಡಿದ್ದಳು. ಅವ್ವ ಸುತ್ತಿಗೆ ಎತ್ತಿದವಳು ನಮ್ಮನ್ನು ಕಂಡು ಅದನ್ನು ಮೆಲ್ಲಗೆ ಕೆಳಗಿಟ್ಟಳು. ಅಪ್ಪ ತಲೆ ಎತ್ತಲಿಲ್ಲ.

"ಒಯ್ಯೂದಿದ್ರ ಒಯ್ಯವ್ವಾ," ಬಸವ್ವ ಹೇಳಿದಳು. "ತಡ್ಯಾಕಿ ಈಗಿಲ್ಲ. ನಾ ಅಳೂದಿಲ್ಲ." ಹಾಗೆನ್ನುವಾಗಲೇ ಅಳುತ್ತಿದ್ದಳು.

ಅವ್ವ ನನ್ನೆದುರು ಕುಕ್ಕರಗಾಲಲ್ಲಿ ಕುಳಿತು ನಮ್ಮ ಮಾತಿನಲ್ಲಿ ಏನೋ ಕೇಳಿದಳು. ಸಣ್ಣ ಮಾತು, ಒಂದೇ ಪ್ರಶ್ನೆ. ನನಗೆ ಅರ್ಥವಾಗಲಿಲ್ಲ. ತಿರುಗಿ ಬಸವ್ವನ ಮುಖ ನೋಡಿದೆ. ಅಷ್ಟೇ ಸಾಕಾಯಿತು. ಅವ್ವ ಕನ್ನಡದಲ್ಲಿ, "ಕೈ ತೋರಸವಾ," ಎಂದಳು. ನನ್ನ ಎರಡೂ ಅಂಗೈಗಳನ್ನು ತನ್ನ ಒರಟು ಹೆಬ್ಬೆರಳಿನಿಂದ ಸವರಿದಳು.

"ಈ ಕೈ ಸುತ್ತಿಗಿ ಎತ್ತೂದಿಲ್ರಿ. ಸಾಲಿಗೆ ಹಾಕೀರಿ ಹೌದಿಲ್ಲೋ? ನಿಮ್ಮ ಕಡೇನ ಇರಲಿ," ಎಂದು ಎದ್ದಳು.

ನಾನು ಅವಳನ್ನು ಅವ್ವಾ ಎನ್ನಲಿಲ್ಲ. ಅನ್ನಬೇಕೆಂದು ಹೊಳೆದದ್ದು ಬಸ್ಸು ಊರು ದಾಟಿದ ಮೇಲೆ.

ಆ ಬಂಡಿಗಳು ಮತ್ತೆ ಈ ಸೀಮೆಗೆ ಬರಲಿಲ್ಲ. ಬಸವ್ವನ ಗೋರಿ ಕೊಣ್ಣೂರಿನಲ್ಲಿದೆ, ವರ್ಷಕ್ಕೊಮ್ಮೆ ಎಡೆ ಹಿಡಿಯುತ್ತೇನೆ. ಅವ್ವನದು ಎಲ್ಲಿಯೋ ತಿಳಿಯದು. ಬೈಲಕಮ್ಮಾರರು ಸತ್ತವರನ್ನು ಬಂಡಿ ನಿಂತಲ್ಲೇ ಮಣ್ಣು ಮಾಡಿ, ಕಲ್ಲು ನೆಡದೆ, ಬೆಳಗಾದರೆ ಮುಂದೆ ಸಾಗುವವರು. ಅದಕ್ಕೇ ಯಾವ ಊರಿಗೆ ಹೋದರೂ, ಹೊರಗಿನ ಬಯಲು ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ.