ಅತ್ತೆಯ ಹೊಸ ಕಣ್ಣಿಗೆ ಮಂಕಾಗಿ ಕಂಡ ಟೀವಿ

ಬೆಳಗ್ಗೆ ಎಂಟೂಕಾಲಿಗೆ ನನ್ನ ಗಂಡ ಮೆಟ್ಟಿಲ ತುದಿಯ ಗ್ರಿಲ್ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಮಿಡಿಗೇಶಿಯ ಹೈಸ್ಕೂಲಿಗೆ ಹೊರಡುತ್ತಿದ್ದರು. ಮೇಷ್ಟ್ರು ತಿರುಗಿ ಬರುವುದು ಸಂಜೆ ಐದೂವರೆಗೆ. ಅಲ್ಲಿಯವರೆಗೆ ಮಧುಗಿರಿಯ ಆ ಮಹಡಿ ಮನೆಯಲ್ಲಿ ನಾನು ಮತ್ತು ನಮ್ಮತ್ತೆ, ಇಬ್ಬರೇ.

ಬೀಗಕ್ಕೆ ಕಾರಣವಿತ್ತು. ನಾನು ಬಸ್ ಕಂಡಕ್ಟರ್. ಕೊರಟಗೆರೆ ಸ್ಟ್ಯಾಂಡಿನಲ್ಲಿ ಇಳಿಯುವಾಗ ಫುಟ್‌ಬೋರ್ಡಿನಿಂದ ಜಾರಿ ಬಲಗಾಲು ಮುರಿದುಕೊಂಡಿದ್ದೆ. ಮೊಣಕಾಲಿನವರೆಗೆ ಪ್ಲಾಸ್ಟರ್, ಆರು ವಾರ ನೆಲಕ್ಕೆ ಕಾಲೂರುವ ಹಾಗಿಲ್ಲ. ಅದೇ ಹೊತ್ತಿಗೆ ಪಾವಗಡದ ಕಡೆಯ ತಮ್ಮ ಊರಿನಿಂದ ಬಂದಿದ್ದ ಅತ್ತೆಗೆ ಬಲಗಣ್ಣಿನ ಪೊರೆ ತೆಗೆಸಿದ್ದೆವು. ಅವರು ಬಗ್ಗುವಂತಿಲ್ಲ, ಒಲೆಯ ಮುಂದೆ ನಿಲ್ಲುವಂತಿಲ್ಲ. ಆಸ್ಪತ್ರೆಯಿಂದ ಬಂದ ಮೂರನೇ ದಿನವೇ ಬೀದಿಯಲ್ಲಿ ಸೊಪ್ಪಿನವಳ ಕೂಗು ಕೇಳಿ ಕಪ್ಪು ಕನ್ನಡಕದಲ್ಲೇ ಮೆಟ್ಟಿಲಿಳಿಯಲು ಹೋಗಿ ಅರ್ಧದಲ್ಲಿ ಎಡವಿದರು. ಕೆಳಗಿನ ಮನೆಯ ಓನರ್ ಹಿಡಿದುಕೊಳ್ಳದಿದ್ದರೆ ಏನಾಗುತ್ತಿತ್ತೋ. ಮಾರನೆಯ ದಿನದಿಂದ ಬೀಗ. ಇನ್ನೊಂದು ಕೀ ಓನರ್ ಹತ್ತಿರ ಇತ್ತು ನಿಜ. ಆದರೆ ಬೆಂಕಿ ಬಿದ್ದಾಗ ಕರೆಯಬಹುದು, ಬೇಜಾರಾಯಿತು ಎಂದು ಕರೆಯುವುದು ಹೇಗೆ?

ಹಾಲ್‌ನ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಗಾರೆ ಕಾಣದ ಇಟ್ಟಿಗೆ. ಬಸ್ ಸ್ಟ್ಯಾಂಡಿನ ಸದ್ದು ಮಾತ್ರ ಅದರ ಮೇಲಿಂದ ಹಾರಿ ಬರುತ್ತಿತ್ತು. ಹಾರ್ನ್ ಕೇಳಿಯೇ ಯಾವ ಡ್ರೈವರ್ ಎಂದು ಹೇಳಬಲ್ಲ ನನಗೆ, ನನ್ನದೇ ಗಾಡಿ ಇನ್ನೊಬ್ಬ ಕಂಡಕ್ಟರ್ ಊದಿದ ವಿಸಿಲ್‌ಗೆ ಹೊರಡುವುದನ್ನು ದಿನವೂ ಕೇಳುತ್ತಾ ಕೂರುವುದು ಹಿಂಸೆಯಾಗಿತ್ತು. ಅತ್ತೆಗಂತೂ ಬಾಗಿಲು ಹಾಕಿಕೊಂಡು ಬದುಕಿಯೇ ಗೊತ್ತಿಲ್ಲ. ಹಾಲ್‌ನಿಂದ ಅಡುಗೆಮನೆಗೆ, ಅಲ್ಲಿಂದ ಗ್ರಿಲ್ಲಿಗೆ ನಡೆದು, ಸರಳು ಹಿಡಿದು ನಿಂತು, ಮತ್ತೆ ಬರುವರು.

ನಾವಿಬ್ಬರೂ ಮನೆ ಹಿಡಿಯುವುದು ಮೊದಲೇ ತಿಳಿದು ಸಿರಾದಲ್ಲಿರುವ ನನ್ನ ಮೈದುನ ಒಂದು ದೊಡ್ಡ ಟೀವಿಯನ್ನೂ ಇಂಟರ್ನೆಟ್ಟಿನಿಂದ ಸಿನಿಮಾ ತರಿಸುವ ಪುಟ್ಟ ಬಾಕ್ಸನ್ನೂ ತಂದು, ಅತ್ತೆ ಆಸ್ಪತ್ರೆಯಲ್ಲಿದ್ದಾಗಲೇ ಗೋಡೆಗೆ ಕೂರಿಸಿ ಹೋಗಿದ್ದ. "ಎಚ್‌ಡಿಆರ್ ಅತ್ತಿಗೆ ಇದು, ಬೆಳಕು ಬಣ್ಣ ಎಲ್ಲ ಜಾಸ್ತಿ ತೋರಿಸ್ತದೆ! ಬಣ್ಣ ನೋಡ್ರಿ ಹೆಂಗೈತೆ. ಸೆಟ್ಟಿಂಗ್ ಮಾತ್ರ ಮುಟ್ಟಬ್ಯಾಡಿ" ಎಂದು ಎರಡು ಸಲ ಹೇಳಿದ್ದ.

ಬಣ್ಣ ನನಗೇನೂ ಕಾಣಲಿಲ್ಲ. ಚಿತ್ರದ ಮೇಲೆ ಬೂದಿ ಎರಚಿದ ಹಾಗಿತ್ತು. ಹಗಲಿನ ದೃಶ್ಯವೂ ಮುಸ್ಸಂಜೆಯಂತೆ, ಮುಖಗಳೆಲ್ಲ ಮಣ್ಣಿನ ಬಣ್ಣ. ಹೊಸ ಕಾಲದ ಚಿತ್ರಗಳೇ ಹೀಗಿರಬೇಕು ಅಂದುಕೊಂಡು ಫೋನು ಹಿಡಿದು ಕೂತೆ. ಒಂದು ಮಧ್ಯಾಹ್ನ ಅತ್ತೆ ಮೆಲ್ಲಗೆ ಕೇಳಿದರು: "ನಿಂಗೆ ಚೆನ್ನಾಗಿ ಕಾಣ್ತದೇನಮ್ಮ?" ನಾನು ಫೋನಿನಿಂದ ತಲೆ ಎತ್ತದೆ "ಹ್ಞೂ ಅತ್ತೆ, ಚೆನ್ನಾಗೈತೆ" ಅಂದುಬಿಟ್ಟೆ.

ಆಮೇಲೆ ಅವರು ಟೀವಿಯ ಕಡೆ ನೋಡುವುದನ್ನೇ ನಿಲ್ಲಿಸಿದರು. ನಾನು ಅದನ್ನೂ ಗಮನಿಸಲಿಲ್ಲ. ಗಮನಿಸಿದ್ದು ಕಣ್ಣಿನ ಹನಿಯ ಬಾಟಲಿಯನ್ನು. ಹದಿನೈದು ದಿನ ಬರಬೇಕಾದ ಔಷಧಿ ಎಂಟನೆಯ ದಿನಕ್ಕೇ ಖಾಲಿ.

"ಚೆಲ್ಲಿದ್ರಾ ಅತ್ತೆ?"

"ಇಲ್ಲ."

"ಮತ್ತೆ?"

ಸೆರಗು ಬಾಯಿಗೆ ಹಿಡಿದರು. "ಜಾಸ್ತಿ ಬುಟ್ಕಂಡೆ ಕಣಮ್ಮ. ಕಣ್ಣು ಹೋಗ್ಬುಡ್ತು. ಹತ್ತಿರದ್ದು ಕಾಣ್ತದೆ, ದೂರದ್ದೆಲ್ಲ ಕತ್ಲೆ. ಟೀವಿ ನೋಡುದ್ರೆ ಬರೀ ಚೀಕಟಿ, ಕಗ್ಗತ್ಲೆ. ನೀನ್ ಚೆನ್ನಾಗೈತೆ ಅಂದೆ. ಅಂಗಾದ್ರೆ ನನ್ ಕಣ್ಣೇ ಅಲ್ವಾ? ಮಗನಿಗೆ ಹೇಳ್ಬ್ಯಾಡ. ಇನ್ನೊಂದ್ ಕಣ್ಣು ಮಾತ್ರ ಮಾಡ್ಸಲ್ಲ."

ಐದು ದಿನ ಈ ಹೆಂಗಸು ನನ್ನಿಂದ ಎರಡು ಗಜ ದೂರದಲ್ಲಿ ಕೂತು ತಾನು ಕುರುಡಿಯಾಗುತ್ತಿದ್ದೇನೆಂದು ನಂಬಿದ್ದಳು. "ನಾನು ನೋಡದೇ ಹೇಳಿದ್ದು ಅತ್ತೆ, ತಪ್ಪಾಯ್ತು. ನನಗೂ ಕತ್ತಲೇನೇ ಕಾಣೋದು" ಅಂದೆ. ಅವರು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂಬಂತೆ ನನ್ನ ಕೈ ತಟ್ಟಿದರು. ಆ ತಟ್ಟುವಿಕೆ ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಗಂಡನಿಗೆ ಫೋನ್ ಮಾಡಿದೆ, ಕ್ಲಾಸಿನಲ್ಲಿದ್ದರು, ಎತ್ತಲಿಲ್ಲ. ಮೈದುನ ಎತ್ತಿದ. "ಅತ್ತಿಗೆ, ಎಚ್‌ಡಿಆರ್ ಅಂದ್ರೆ ಅಂಗೇ ಇರ್ತದೆ. ಏನೂ ಮುಟ್ಟಬ್ಯಾಡಿ, ಭಾನುವಾರ ಬರ್ತೀನಿ." ಅಂದು ಸೋಮವಾರ. ಟೀವಿ ಕಂಪನಿಯ ನಂಬರಿನಲ್ಲಿ ಒಂದು ಯಂತ್ರ ಕನ್ನಡಕ್ಕಾಗಿ ಒಂದನ್ನು ಒತ್ತಿ ಎಂದಿತು. ಒತ್ತುತ್ತಾ ಒತ್ತುತ್ತಾ ಕೊನೆಗೆ ಸಿಕ್ಕ ಹುಡುಗಿ ನಾಲ್ಕು ದಿನದಲ್ಲಿ ಜನ ಬರುತ್ತಾರೆ ಎಂದಳು. ನಾಲ್ಕು ದಿನ! ಅಷ್ಟು ದಿನ ಅತ್ತೆಯ ಮುಖ ನೋಡಿಕೊಂಡು ಇರಲು ನನ್ನಿಂದಾಗುತ್ತಿರಲಿಲ್ಲ. ರಿಮೋಟ್ ಕೈಗೆ ತೆಗೆದುಕೊಂಡೆ.

ಮೊದಲು ಟೀವಿಯ ಬ್ರೈಟ್‌ನೆಸ್ ನೋಡಿದೆ. ಆಗಲೇ ಪೂರ್ತಿ ಇತ್ತು. ಪಿಕ್ಚರ್ ಮೋಡನ್ನು ಒಂದೊಂದಾಗಿ ಬದಲಾಯಿಸಿದೆ. ಒಂದರಲ್ಲಿ ಚಿತ್ರ ಮಜ್ಜಿಗೆಯಂತೆ ಬಿಳಿಚಿತು, ಇನ್ನೊಂದರಲ್ಲಿ ನಾಯಕಿಯ ಕೆನ್ನೆ ಬೀಟ್‌ರೂಟ್ ಆಯಿತು. ಕತ್ತಲು ಮಾತ್ರ ಹೋಗಲಿಲ್ಲ. ಆಗ ಗಮನಿಸಿದೆ: ಚಿತ್ರದ ಮೇಲೆ ಬರುವ ಮೆನುವಿನ ಅಕ್ಷರಗಳು ಮಾತ್ರ ಅಚ್ಚ ಬಿಳಿ. ಟೀವಿಗೆ ಬಿಳಿ ತೋರಿಸಲು ಬರುತ್ತದೆ ಎಂದಾಯಿತು.

ಮೇಜಿನ ಡ್ರಾಯರಿನಲ್ಲಿ ನಮ್ಮ ಮದುವೆಯ ಫೋಟೋಗಳ ಪೆನ್‌ಡ್ರೈವ್ ಇತ್ತು. ಅದನ್ನು ಬಾಕ್ಸಿಗಲ್ಲ, ನೇರವಾಗಿ ಟೀವಿಗೇ ಚುಚ್ಚಿ ನೋಡಬೇಕು. ನಾನು ನಿಲ್ಲುವಂತಿಲ್ಲ, ಅತ್ತೆ ಬಗ್ಗುವಂತಿಲ್ಲ. ನಾನು ನೆಲದ ಮೇಲೆ ಕುಂಡಿ ಸರಿಸುತ್ತಾ ಹೋಗಿ ಡ್ರಾಯರಿನಿಂದ ತೆಗೆದುಕೊಟ್ಟೆ. ಅವರು ನಿಂತಲ್ಲಿಂದಲೇ ಟೀವಿಯ ಪಕ್ಕಕ್ಕೆ ಕೈ ಹಾಕಿ ತಡಕಾಡಿ ಸಿಕ್ಕಿಸಿದರು.

ಮೊದಲ ಫೋಟೋ ಬಂತು. ಅತ್ತೆ ಉಟ್ಟಿದ್ದ ಕೆಂಪು ರೇಷ್ಮೆ ಕೆಂಪಾಗಿಯೇ ಇತ್ತು.

"ಯಾರಿದು ಹೇಳಿ."

"ನಾನೇ!" ಅತ್ತೆ ಪರದೆಯ ಕಡೆ ಬೆರಳು ತೋರಿದರು. "ಹಿಂದುಗಡೆ ನಮ್ ಅಣ್ಣ. ಕೈಯಾಗೆ ಎಲೆ ಅಡಿಕೆ ತಟ್ಟೆ."

"ಕಣ್ಣು ಹೋದೋರಿಗೆ ತಟ್ಟೆ ಕಾಣ್ತದಾ ಅತ್ತೆ?"

ಆದರೂ ಅವರ ಮುಖದಲ್ಲಿ ಇನ್ನೂ ಅನುಮಾನ. "ಫೋಟೋ ಅಲ್ವಾ, ನಂಗೆ ಗೊತ್ತಿರೋದು. ಗೊತ್ತಿಲ್ದಿರೋದ್ ತೋರ್ಸು."

ಟೀವಿ ಸರಿಯಿದೆ, ಕಣ್ಣು ಸರಿಯಿದೆ. ಹಾಗಾದರೆ ತೊಂದರೆ ಬಾಕ್ಸಿನಲ್ಲಿ, ಇಲ್ಲವೇ ಎರಡರ ನಡುವೆ. ಬಾಕ್ಸಿನ ಸೆಟ್ಟಿಂಗಿಗೆ ಹೋದೆ. ಡಿಸ್‌ಪ್ಲೇ ಎಂಬಲ್ಲಿ ಎಚ್‌ಡಿಆರ್ 'ಯಾವಾಗಲೂ' ಎಂದಿತ್ತು. ಎಂದರೆ ಹಳೆಯ ಸಾದಾ ಚಿತ್ರಕ್ಕೂ ಬಲವಂತವಾಗಿ ಹೊಸ ವೇಷ ಹಾಕಿ ಕಳಿಸುತ್ತಿತ್ತು. ನಮ್ಮ ಟೀವಿಗೆ ಅದನ್ನು ಬೆಳಗಿಸುವ ತ್ರಾಣ ಇರಲಿಲ್ಲ. ಅದರ ಕೆಳಗೆ 'ಚಿತ್ರಕ್ಕೆ ತಕ್ಕಂತೆ' ಎಂಬ ಇನ್ನೊಂದು ಆಯ್ಕೆ. ಒತ್ತಿದೆ.

ಪರದೆ ಕಪ್ಪಾಯಿತು. ಒಂದು ಕ್ಷಣ, ಎರಡು ಕ್ಷಣ. 'ಸಿಗ್ನಲ್ ಇಲ್ಲ' ಎಂದು ಬರೆದುಕೊಂಡು ನಿಂತಿತು.

"ಅಯ್ಯೋ, ಇದೂ ಹೋಯ್ತಾ?" ಎಂದರು ಅತ್ತೆ.

ಹೊರಗೆ ಬೀಗ, ಒಳಗೆ ಮುರಿದ ಕಾಲು. ಇದ್ದ ಒಂದು ಕಿಂಡಿಯನ್ನೂ ನನ್ನ ಕೈಯಾರೆ ಮುಚ್ಚಿದೆನಲ್ಲ. ಗಂಡ ಬಂದು ಏನೆನ್ನುವರು, ಮೈದುನ ಏನೆನ್ನುವನು? ಸುಮ್ಮನೆ ನೆಲದ ಮೇಲೆ ಕೂತು ಅಳಬೇಕೆನಿಸಿತು. ಅಳಲು ಬಿಡದೆ ಅತ್ತೆ ಕೇಳಿದರು: "ಈ ವೈರು ಅಲ್ಲಾಡ್ತೈತೆ. ಇಂಗೇ ಇರ್ಬೇಕಾ?"

ಬಾಕ್ಸಿನಿಂದ ಟೀವಿಗೆ ಹೋಗುವ ಕೇಬಲ್ಲೇ ಅದು, ಪೆನ್‌ಡ್ರೈವಿಗೆ ತಡಕಾಡುವಾಗ ಸಡಿಲಾಗಿದ್ದಿರಬೇಕು. "ಕಿತ್ತು ಪಕ್ಕದ ತೂತಿಗೆ ಹಾಕಿ ಅತ್ತೆ." ಅವರು ಗೋಡೆಗೆ ಕೆನ್ನೆ ಒತ್ತಿ, ಕಾಣದ ಜಾಗದಲ್ಲಿ ಬೆರಳಿನಿಂದಲೇ ತೂತು ಹುಡುಕಿ, ಒತ್ತಿದರು. ನಾನು ರಿಮೋಟಿನಲ್ಲಿ ಎರಡನೆಯ ಇನ್‌ಪುಟ್ ಹಾಕಿದೆ.

ಬೆಳಕು ಬಂತು. ಯಾವುದೋ ಅಡುಗೆ ಕಾರ್ಯಕ್ರಮ, ನಾವಿಬ್ಬರೂ ಮೊದಲು ನೋಡಿದ್ದಲ್ಲ. ಅರಿಸಿನ ಹಳದಿಯಾಗಿತ್ತು, ಕರಿಬೇವು ಹಸಿರಾಗಿತ್ತು. ಅತ್ತೆ ಕಪ್ಪು ಕನ್ನಡಕ ತೆಗೆದು ನೋಡುತ್ತಾ ನಿಂತರು. ಇದ್ದಕ್ಕಿದ್ದಂತೆ ಕೈ ಮುಂದೆ ಮಾಡಿ ಪರದೆಯನ್ನು ಗದರಿಸಿದರು:

"ಲೇ, ಉರಿ ತಗ್ಗಿಸಮ್ಮ! ಒಗ್ಗರಣೆ ಸೀದೋಗ್ತೈತೆ!"

ಮತ್ತೆ ನನ್ನ ಕಡೆ ತಿರುಗಿದರು. ಕರಿಬೇವು ಕಪ್ಪಾಗಿದ್ದು ತಮಗೆ ಕಂಡಿತು ಎಂಬುದು ಆಗಷ್ಟೇ ಅವರಿಗೆ ಹೊಳೆದಿರಬೇಕು. ದಿವಾನದ ಮೇಲೆ ಕುಸಿದು ಕೂತು ನಗತೊಡಗಿದರು. ನಗುತ್ತಾ ನಗುತ್ತಾ ಅಳು ಬಂತು. "ಕಣ್ಣು ಒರೆಸಬೇಡಿ ಅತ್ತೆ, ಡಾಕ್ಟ್ರು ಬೈತಾರೆ" ಎಂದು ನಾನು ನೆಲದಿಂದಲೇ ಕೂಗಿದೆ.

ಹೊಸ ಬಾಟಲಿಗಾಗಿ ಡಾಕ್ಟರನ್ನು ಕೇಳಿದಾಗ ಹನಿ ಹೆಚ್ಚಾದದ್ದರಿಂದ ತೊಂದರೆಯೇನೂ ಆಗಿಲ್ಲವೆಂದರು. ತಿಂಗಳು ಕಳೆಯುತ್ತಲೇ ಅತ್ತೆ ಇನ್ನೊಂದು ಕಣ್ಣಿನ ಆಪರೇಷನ್ನಿಗೆ ತಾವಾಗಿಯೇ ಬ್ಯಾಗು ತುಂಬಿಕೊಂಡರು. ನನ್ನ ಗಂಡ ಅವರನ್ನು ತುಮಕೂರಿಗೆ ಕರೆದುಕೊಂಡು ಹೋದರು. ನನ್ನ ಪ್ಲಾಸ್ಟರ್ ತೆಗೆಯಲು ಇನ್ನೂ ಒಂಬತ್ತು ದಿನ ಇತ್ತು. ಓನರ್ ಹೆಂಡತಿ ಊಟ ತಂದಿಟ್ಟು ಹೋಗುವರು. ಮಧ್ಯಾಹ್ನ ಟೀವಿ ಹಾಕಿದೆ. ಚಿತ್ರ ಕನ್ನಡಿಯಂತೆ ಇತ್ತು, ದೂರದ ಬೆಟ್ಟದ ಮೇಲಿನ ಒಂದೊಂದು ಗಿಡವೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಹತ್ತು ನಿಮಿಷ ನೋಡಿದೆ. ಪರದೆಯನ್ನು ಗದರಿಸುವವರು ಪಕ್ಕದಲ್ಲಿ ಯಾರೂ ಇರಲಿಲ್ಲ. ಆರಿಸಿ, ಗೋಡೆಯ ಕಡೆ ತಿರುಗಿ ಮಲಗಿದೆ.