ನಾನು ತಪ್ಪು ಹೇಳಿಕೊಟ್ಟ ತಿರುಳು

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಜಯನಗರದ ಒಂದು ಕನ್ನಡ ಶಾಲೆಯಲ್ಲಿ ಏಳನೇ ತರಗತಿಗೆ ಪಾಠ ಮಾಡುತ್ತಿದ್ದೆ. ಯಾವ ಕಥೆ ಓದಿಸಿ "ಇದರ ತಿರುಳೇನು?" ಎಂದು ಕೇಳಿದರೂ ಮಕ್ಕಳು "ಸುಳ್ಳು ಹೇಳಬಾರದು ಮಿಸ್", "ದುರಾಸೆ ಪಡಬಾರದು ಮಿಸ್" ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದರು. ಕಥೆಯಲ್ಲಿ ಸುಳ್ಳೂ ಇರುತ್ತಿರಲಿಲ್ಲ, ದುರಾಸೆಯೂ ಇರುತ್ತಿರಲಿಲ್ಲ. ಬುದ್ಧಿಮಾತು ಬೇರೆ, ತಿರುಳು ಬೇರೆ ಎಂದು ತಿಳಿಸಲು ಹೆಣಗುತ್ತಿದ್ದೆ. ನನಗಾಗ ಇಪ್ಪತ್ತಾರು ವರ್ಷ. ನನ್ನಷ್ಟು ಚೆನ್ನಾಗಿ ಕಥೆ ಹೇಳುವವರು ಆ ಶಾಲೆಯಲ್ಲೇ ಇಲ್ಲ ಎಂಬ ಹಮ್ಮೂ ಇತ್ತು.

ಸಾರಕ್ಕಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗಿಗೆ ಮಾತ್ರ ನಾನು ಹೇಳುತ್ತಿದ್ದದ್ದು ಅರ್ಥವಾಗುತ್ತಿತ್ತು. ಒಂದು ವಾರ ಅವಳು ಮೂರು ದಿನ ತಡವಾಗಿ ಬಂದಳು. ತಾಯಿಯನ್ನು ಕರೆಸಿದೆ. ಆಕೆ ಸೊಪ್ಪು ಮಾರುವವರು. ಬುಟ್ಟಿಯನ್ನು ವರಾಂಡದಲ್ಲಿ ಇಳಿಸಿ ತಗ್ಗಿದ ದನಿಯಲ್ಲಿ ಹೇಳಿದರು:

"ನಮ್ ಹೊಲ ಲೇಔಟ್‌ಗೆ ಹೋಯ್ತಲ್ಲ ಮೇಡಂ, ಈಗ ಅಲ್ಲಿ ಯಾರೋ ಮನೆ ಕಟ್ಟಿಸ್ತಾವ್ರೆ. ನಮ್ಮನೆಯವ್ರು ಬೆಳಿಗ್ಗೆ ಎದ್ದು ಅಲ್ಲೇ ಹೋಗಿ ನಿಂತ್ಕೊಂಬಿಡ್ತಾರೆ. ಕಟ್ಟಿಸೋರು ಬೈದು ಓಡಿಸ್ತಾರೆ. ಇವಳು ಹೋಗಿ ಕರ್ಕೊಂಡ್ ಬರ್ಬೇಕು. ಯಾರಿಗೂ ಹೇಳ್ಬೇಡಿ ಮೇಡಂ, ಮಾನ ಹೋಗುತ್ತೆ. ಅವ್ರು ಯಾಕೆ ಹೋಗ್ತಾರೆ ಅಂದ್ರೆ..."

ಗಂಟೆ ಹೊಡೆಯಿತು. "ನಂಗೆ ಅರ್ಥ ಆಯ್ತು ಬಿಡಮ್ಮ" ಎಂದು ತರಗತಿಗೆ ಓಡಿದೆ.

ಆ ಸಂಗತಿ ಮನಸ್ಸಿನಲ್ಲೇ ಕುಳಿತುಬಿಟ್ಟಿತು. ಇದರಲ್ಲಿ ಬುದ್ಧಿಮಾತೇ ಇಲ್ಲ, ತಿರುಳು ಕಲಿಸಲು ಇದಕ್ಕಿಂತ ಒಳ್ಳೆಯ ಕಥೆ ಎಲ್ಲಿ ಸಿಕ್ಕೀತು ಅನ್ನಿಸಿತು. ಮಗಳನ್ನು ಮಗನಾಗಿಸಿದೆ, ಸಾರಕ್ಕಿಯನ್ನು ದೂರದ ಯಾವುದೋ ಊರಾಗಿಸಿದೆ. ಇಷ್ಟು ಸಾಕು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಆ ಅಪ್ಪ ದಿನಾ ಹೋಗಿ ಮಣ್ಣನ್ನು ಹಿಡಿಯಲ್ಲಿ ಹಿಡಿದು ಅಳುತ್ತಾನೆ ಎಂದು ನಾನೇ ಸೇರಿಸಿದೆ. ಮುಂದಿನ ವಾರ ಅದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ಸದ್ದಿಲ್ಲದೆ ಕೇಳಿದರು.

"ತಿರುಳು ಯಾರು ಹೇಳ್ತೀರಿ?"

"ಹೋಗಿದ್ದಕ್ಕೆ ಅಳಬಾರದು ಮಿಸ್."

"ಅದು ಬುದ್ಧಿಮಾತು. ತಿರುಳು ಹೇಳಿ" ಎಂದು, ರೂಢಿಯಂತೆ ಅವಳ ಕಡೆ ನೋಡಿದೆ. ಅವಳು ತಲೆ ಎತ್ತಲಿಲ್ಲ. ಅವಳ ಬೀದಿಯದೇ ಇನ್ನೊಬ್ಬ ಹುಡುಗಿ ಎದ್ದು ನಿಂತಳು. "ಮಿಸ್, ಇದು ಇವಳಪ್ಪಂದು! ದಿನಾ ಹೋಗಿ ಬೈಸ್ಕೊಂಡ್ ಬರ್ತಾರೆ ಮಿಸ್!"

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಡಸ್ಟರಿನಿಂದ ಮೇಜು ಕುಟ್ಟಿ ಸುಮ್ಮನಾಗಿಸಿದೆ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಏನು ಮಾಡಲೂ ತೋಚದೆ ಬೋರ್ಡಿನ ಕಡೆ ತಿರುಗಿ "ಮಣ್ಣಿನ ಮೇಲಿನ ಮೋಹ" ಎಂದು ಬರೆದು, ಎಲ್ಲರೂ ಬರೆದುಕೊಳ್ಳಿ ಎಂದೆ. ಅವಳೂ ಬರೆದುಕೊಂಡಳು.

ಮರುದಿನದಿಂದ ಅವಳು ಬರಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸಾರಕ್ಕಿಗೆ ಹೋದೆ. ಅವಳು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ತಪ್ಪಾಯಿತು ಎನ್ನಲೆಂದೇ ಹೋದವಳು "ಯಾಕೆ ಸ್ಕೂಲಿಗೆ ಬರ್ತಿಲ್ಲ?" ಎಂದೆ.

"ನಮ್ಮಪ್ಪ ಅಳೋದೇ ಇಲ್ಲ ಮಿಸ್" ಎಂದಳು. ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ, "ಅಲ್ಲಿ ನಮ್ ಬಾವಿ ಇತ್ತು. ಲೇಔಟ್ ಮಾಡೋವಾಗ ಮಣ್ಣು ತಳ್ಳಿ ಮುಚ್ಚಿಬಿಟ್ರು. ಆ ಮನೆಯೋರು ಅದರ ಮೇಲೇ ಪಾಯ ತೋಡ್ತಿದ್ದಾರೆ. ಮನೆ ಕುಸಿಯುತ್ತೆ, ಅವರಿಗೂ ಮಕ್ಕಳಿದ್ದಾರೆ, ಹೇಳ್ಬೇಕು ಅಂತ ಅಪ್ಪ ಹೋಗೋದು. ಜಮೀನು ವಾಪಸ್ ಕೇಳೋಕೆ ಬಂದಿದ್ದಾನೆ ಅಂದ್ಕೊಂಡು ಅವ್ರು ಓಡಿಸ್ತಾರೆ."

ಯಾರಿಗೂ ಹೇಳಬೇಡಿ ಎಂದದ್ದನ್ನು ನಲವತ್ತು ಮಕ್ಕಳಿಗೆ ಹೇಳಿದ್ದೆ. ಅದನ್ನೂ ತಪ್ಪಾಗಿ ಹೇಳಿದ್ದೆ.

ಭಾನುವಾರ ಅವಳ ತಂದೆಯ ಜೊತೆ ಆ ಸೈಟಿಗೆ ಹೋದೆ. ಮನೆ ಕಟ್ಟಿಸುತ್ತಿದ್ದವರು ಬ್ಯಾಂಕಿನ ನೌಕರರೊಬ್ಬರು. ಇಸ್ತ್ರಿ ಸೀರೆಯ ನನ್ನನ್ನು ಕಂಡು ಕುರ್ಚಿ ತರಿಸಿದರು. ತಂದೆ ನಿಂತೇ ಇದ್ದರು. ಅವರು ಎಷ್ಟೋ ದಿನ ಹೇಳಿದ್ದನ್ನೇ ನಾನು ಐದು ನಿಮಿಷದಲ್ಲಿ ಹೇಳಿದೆ, ಬ್ಯಾಂಕಿನವರು ಕೇಳಿದರು. ತಂದೆ ಪಾಯದ ಮೂಲೆಗೆ ನಡೆದು ಹಿಮ್ಮಡಿ ಊರಿ "ಇಲ್ಲಿ" ಎಂದರು. ಕೆಲಸದವರು ಹಾರೆ ಹಾಕಿ ಅಗೆದರು. ಮಧ್ಯಾಹ್ನದ ಹೊತ್ತಿಗೆ ಬಾವಿಯ ಕಲ್ಲುಕಟ್ಟಡದ ಅಂಚು ಕಾಣಿಸಿತು.

"ದೊಡ್ಡ ಉಪಕಾರ ಆಯ್ತು ಮೇಡಂ" ಎಂದು ಬ್ಯಾಂಕಿನವರು ನನಗೆ ಕೈಮುಗಿದರು.

"ಇವರಿಗೆ ಹೇಳಿ" ಎಂದೆ.

"ನಾನೂ ಇದ್ನೇ ಅಲ್ವಾ ಸಾರ್ ಹೇಳ್ತಿದ್ದಿದ್ದು" ಎಂದರು ತಂದೆ. ದನಿಯಲ್ಲಿ ಸಿಟ್ಟಿರಲಿಲ್ಲ.

ಸೋಮವಾರ ಅವಳು ಶಾಲೆಗೆ ಬಂದಳು. ನಾನು ಹಾಜರಿ ಕೂಗುವಾಗ ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿದ ಕಥೆ ತಪ್ಪು, ನಿಜ ಇದು ಎಂದು ಎಲ್ಲರ ಮುಂದೆ ಹೇಳಬೇಕಿತ್ತು. ಹೇಳಬೇಕೆಂದೇ ಬಂದಿದ್ದೆ. ಆದರೆ ಟೀಚರೇ ತಪ್ಪು ಒಪ್ಪಿಕೊಂಡರೆ ನಾಳೆ ಇವರು ನನ್ನ ಮಾತು ಕೇಳುತ್ತಾರೆಯೇ ಎಂಬ ಅಳುಕು ಬಂತು. ಸಂಧಿಗಳ ಪಾಠ ತೆಗೆಯಿರಿ ಎಂದೆ. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ಇದ್ದೆ, ಪರೀಕ್ಷೆ ಬಂತು.

ಆಮೇಲೆ ಅವಳು ಒಂದು ದಿನವೂ ಕೈ ಎತ್ತಲಿಲ್ಲ. ಕೇಳಿದರೆ ಎದ್ದು ನಿಂತು "ಗೊತ್ತಿಲ್ಲ ಮಿಸ್" ಎನ್ನುತ್ತಿದ್ದಳು. ಒಳ್ಳೆಯ ಅಂಕಗಳಲ್ಲೇ ಪಾಸಾಗಿ ಬೇರೆ ಹೈಸ್ಕೂಲಿಗೆ ಹೊರಟಳು. ಟಿ.ಸಿ. ತೆಗೆದುಕೊಳ್ಳಲು ಬಂದ ದಿನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು "ಬರ್ತೀನಿ ಮಿಸ್" ಎಂದಳು. ಒಳಗೆ ಇನ್ನಿಬ್ಬರು ಟೀಚರುಗಳು ಟೀ ಕುಡಿಯುತ್ತಿದ್ದರು. "ಚೆನ್ನಾಗಿ ಓದು" ಎಂದೆ. ಅವಳು ತಲೆಯಾಡಿಸಿ ಹೋದಳು.