ಹಿಡಿಯ ಮೇಲಿನ ಹೆಸರು

ನನ್ನ ಗೆಳೆಯ ತೀರಿಹೋಗಿ ಇನ್ನೂ ತಿಂಗಳು ತುಂಬಿಲ್ಲ. ಅವನ ಅಂಗಡಿಗೆ ಬೀಗ ಬಿದ್ದಿದೆ. ಹಳೆಯ ಪದಕ, ಗಡಿಯಾರ, ಸೈನ್ಯದ ಸಾಮಾನುಗಳಿಗೆ ಬೆಲೆ ಕಟ್ಟುವುದು, ಕೊಂಡು ಮಾರುವುದು ಅವನ ಕಸುಬಾಗಿತ್ತು. ಬೀದಿಯವರು ಅವನನ್ನು ಭೂತಗನ್ನಡಿ ಎನ್ನುತ್ತಿದ್ದರು. ಕಣ್ಣಿಗೆ ಸದಾ ಮಸೂರ ಸಿಕ್ಕಿಸಿಕೊಂಡಿರುತ್ತಿದ್ದ ಎಂಬುದಷ್ಟೇ ಕಾರಣವಲ್ಲ, ಅವನು ಯಾವುದನ್ನೂ ಬರಿಗಣ್ಣಿನಿಂದ ನಂಬುತ್ತಿರಲಿಲ್ಲ. ಕೊನೆಗೆ ಡಾಕ್ಟರು ಅವನ ಎದೆಯ ಎಕ್ಸ್-ರೇ ತೋರಿಸಿದಾಗಲೂ, "ಇದು ನಂದೇ ಅಂತ ಏನ್ ಗ್ಯಾರಂಟಿ?" ಎಂದ. ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಅವನ ಬಗ್ಗೆ ಬರೆಯಲು ಕೂತರೆ ನೆನಪಿಗೆ ಬರುವುದು ಆ ಚಾಕು.

ಅದನ್ನು ತಂದವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದ ಒಬ್ಬ ನಡುವಯಸ್ಸಿನವನು. ಅವನ ಅಪ್ಪ ಯುದ್ಧದಲ್ಲಿ ತೀರಿಕೊಂಡಾಗ ಟ್ರಂಕಿನಲ್ಲಿ ಮನೆಗೆ ಬಂದ ಚಾಕು ಅದು. ಇಷ್ಟು ವರ್ಷ ಅಣ್ಣನ ಮನೆಯ ಬೀರುವಿನಲ್ಲಿತ್ತು. ಈಗ ಅಣ್ಣತಮ್ಮಂದಿರು ಅದನ್ನು ಮಾರುವುದೋ ಇಟ್ಟುಕೊಳ್ಳುವುದೋ ತೀರ್ಮಾನಿಸಬೇಕಾಗಿತ್ತು. ಹಿಡಿ ಅಲ್ಯೂಮಿನಿಯಂನದು. ಬಿದ್ದ ವಿಮಾನದ ತುಂಡುಗಳನ್ನು ಕರಗಿಸಿ ಸೈನಿಕರು ಬಿಡುವಿನಲ್ಲಿ ಇಂಥ ಹಿಡಿಗಳನ್ನು ಎರಕ ಹೊಯ್ದುಕೊಳ್ಳುತ್ತಿದ್ದರಂತೆ. ಅದರ ಮೇಲೆ ಅಪ್ಪನ ಹೆಸರು, ಕೆಳಗೆ ಸೈನ್ಯದ ನಂಬರು.

ಗೆಳೆಯ ಮೊದಲು ಹೆಸರಿನ ಮೇಲೆ ಕಾಗದದ ಪಟ್ಟಿ ಅಂಟಿಸಿದ. ಅದು ಅವನ ಪದ್ಧತಿ. ಹೆಸರು ಕಂಡರೆ ಕಣ್ಣು ಸೋಲುತ್ತದೆ ಎನ್ನುತ್ತಿದ್ದ. ಅಲಗು ನೋಡಿದ, ಒರೆಯ ಹೊಲಿಗೆ ನೋಡಿದ, ಎಲ್ಲ ಆ ಕಾಲದ್ದೇ. ಕೊನೆಗೆ ಪಟ್ಟಿ ಕಿತ್ತು ಹೆಸರಿನ ಮೇಲೆ ಮಸೂರ ಹಿಡಿದ.

"ಹಿಡಿ ಸವೆದಿದೆ. ಹೆಸರು ಸವೆದಿಲ್ಲ. ಗೀರಿನ ಅಂಚು ಇನ್ನೂ ಹರಿತವಾಗಿದೆ. ಇದನ್ನ ಈಚೆಗೆ ಕೆತ್ತಿದಾರೆ."

"ಅಂದ್ರೆ?"

"ಯಾವುದೋ ಹಳೇ ಚಾಕು ಹಿಡಿದು ನಿಮ್ಮಪ್ಪನ ಹೆಸರು ಹಾಕಿದಾರೆ."

ಮೆಕ್ಯಾನಿಕ್ಕಿನ ಮುಖ ಗಟ್ಟಿಯಾಯಿತು. "ಅಂದ್ರೆ ಅಸಲಿದನ್ನ ಅಣ್ಣ ಮಾರಿಕೊಂಡಿದಾನೆ. ನನ್ನ ಕೈಗೆ ಇದನ್ನ ತುರುಕಿದಾನೆ. ಬೀರುವಿನ ಕೀಲಿ ಸೊಂಟದಿಂದ ಇಳಿಸ್ತಿರಲಿಲ್ಲ, ಈಗ ಗೊತ್ತಾಯ್ತು ಯಾಕೆ ಅಂತ!"

"ಯಾರು ಕೆತ್ತಿದ್ರು ಅಂತ ನಾನು ಹೇಳಲಿಲ್ಲ," ಎಂದ ಗೆಳೆಯ. ಆದರೆ ಮೆಕ್ಯಾನಿಕ್ಕು ಆಗಲೇ ಬಾಗಿಲು ದಾಟಿದ್ದ. ಚಾಕುವನ್ನು ಮೇಜಿನ ಮೇಲೇ ಬಿಟ್ಟು ಹೋಗಿದ್ದ.

ಆಮೇಲೆ ಅವನ ಅಣ್ಣ ಬಂದ, ಶಾಲೆಯೊಂದರಲ್ಲಿ ಗುಮಾಸ್ತ. ಕೂರಿ ಎಂದರೂ ಕೂರಲಿಲ್ಲ. "ಏನ್ ಸ್ವಾಮಿ, ಗಾಜಿನ ಚೂರು ಹಿಡಕೊಂಡು ನನ್ನನ್ನ ಕಳ್ಳ ಮಾಡಿಬಿಟ್ರಲ್ಲ? ನನ್ನ ತಮ್ಮ ಬೀದಿಯಲ್ಲಿ ನಿಂತು ಕೂಗಾಡಿದಾನೆ. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಗೊತ್ತಾದ್ರೆ ನಾನು ಯಾವ ಮುಖ ಇಟ್ಕೊಂಡು ಅವಳ ಮುಂದೆ ನಿಲ್ಲಲಿ?"

ಗೆಳೆಯ ತಲೆ ಎತ್ತದೆ, "ಬೀರುವಿನ ಕೀಲಿ ನಿಮ್ಮ ಹತ್ರನೇ ಇರ್ತಿತ್ತಾ?" ಎಂದು ಕೇಳಿದ.

"ಥೂ ನಿಮ್ಮ!" ಎಂದು ಅವನು ಹೊರಟೇಹೋದ. ನನಗೂ ಗೆಳೆಯನ ಮೇಲೆ ಸಿಟ್ಟು ಬಂತು. ಅವನು ಮಾತ್ರ, "ಸಿಟ್ಟು ಬಂತು ಅಂದ ಮಾತ್ರಕ್ಕೆ ಪ್ರಾಮಾಣಿಕ ಅಂತ ಆಗಲ್ಲ," ಎಂದ.

ಆದರೂ ಅವನಿಗೆ ಸಮಾಧಾನವಿರಲಿಲ್ಲ. ನಾನು ಹೋದಾಗಲೆಲ್ಲ ಚಾಕು ದೀಪದ ಕೆಳಗೇ ಇರುತ್ತಿತ್ತು. ಸೈನ್ಯದ ದಾಖಲೆ ಕಚೇರಿಗೆ ಬರೆದು ವಿಚಾರಿಸಿದ. ನಂಬರು ಅವರಪ್ಪನದೇ ಎಂದು ಉತ್ತರ ಬಂತು. ಅದನ್ನೂ ನಂಬಲಿಲ್ಲ. ಮೋಸಗಾರನೂ ನಂಬರು ವಿಚಾರಿಸಿಯೇ ಕೆತ್ತುತ್ತಾನೆ ಎಂದ. ಒಂದು ಸಂಜೆ ನನ್ನನ್ನು ಎಳೆದು ಮಸೂರದ ಮುಂದೆ ಕೂರಿಸಿದ.

"ನಂಬರ್ ನೋಡು."

ಅಂಕಿಗಳನ್ನು ಓದಬಹುದಾಗಿತ್ತು, ಆದರೆ ಅಂಚುಗಳೆಲ್ಲ ನುಣುಪಾಗಿದ್ದವು. ಹಿಡಿಯಷ್ಟೇ ಸವೆದಿದ್ದವು.

"ನಕಲಿ ಮಾಡೋನು ಮೊದಲು ಕೆತ್ತೋದೇ ನಂಬರು. ಕೊಳ್ಳೋರು ಹುಡುಕೋದು ಅದನ್ನೇ. ಇಲ್ಲಿ ನಂಬರ್ ಹಳೇದು, ಹೆಸರು ಮಾತ್ರ ಹೊಸದು. ನಾನು ಹೆಸರು ನೋಡಿದೆ, ತೀರ್ಪು ಕೊಟ್ಟೆ, ಕೆಳಗಿನ ಸಾಲು ಬಿಟ್ಟೆ." ಮಸೂರ ತೆಗೆದು ಕಣ್ಣುಜ್ಜಿಕೊಂಡ. "ಹೆಸರನ್ನ ಮಾತ್ರ ಮತ್ತೆ ಮತ್ತೆ ತಿದ್ದೋರು ಯಾರಿರ್ತಾರೆ ಹೇಳು?"

ನಾನು ಹೇಳಬೇಕಾಗಿರಲಿಲ್ಲ. ಮರುದಿನವೇ ಅಣ್ಣತಮ್ಮ ಇಬ್ಬರಿಗೂ ಹೇಳಿಕಳಿಸಿದ, ತಾಯಿಯನ್ನು ಕರೆದುಕೊಂಡು ಬನ್ನಿ ಎಂದ.

ತಾಯಿ ಮೆಕ್ಯಾನಿಕ್ಕಿನ ಸ್ಕೂಟರಿನಲ್ಲಿ ಬಂದರು. ಅಣ್ಣ ಬೇರೆಯಾಗಿ ಬಂದು, ಒಳಗೆ ಬರದೆ ಗಾಜಿನ ಬಾಗಿಲಿಗೆ ಬೆನ್ನು ತಿರುಗಿಸಿ ಹೊರಗೇ ನಿಂತ.

ಗೆಳೆಯ ಚಾಕುವನ್ನು ಆಕೆಯ ಮುಂದಿಟ್ಟ. "ಅಮ್ಮಾ, ಈ ಹೆಸರನ್ನ ಯಾರಾದರೂ ತಿದ್ದಿದ್ರಾ?"

"ನಾನೇ. ಮಾಸಿ ಹೋಗ್ತಿತ್ತು. ದೊಡ್ಡವನು ಕೆಲಸಕ್ಕೆ ಹೋದಾಗ ಸೊಸೆ ಹತ್ರ ಇದ್ದ ಇನ್ನೊಂದು ಕೀಲಿ ಈಸ್ಕೊಂಡು ದಬ್ಬಳದಲ್ಲಿ ತಿದ್ದುತಿದ್ದೆ. ಯಾಕೆ, ಹಾಳಾಯ್ತಾ?"

"ನಂಬರು ಯಾಕೆ ತಿದ್ದಲಿಲ್ಲ?"

"ನಂಬರು ಸರ್ಕಾರದ್ದು. ಹೆಸರು ನಮ್ಮನೆದು."

ಮೆಕ್ಯಾನಿಕ್ಕು ನಕ್ಕ. ಒಳ್ಳೆಯ ನಗುವಲ್ಲ. "ಅವನನ್ನ ಉಳಿಸೋಕೆ ಹೇಳ್ತಿದೀಯಮ್ಮ. ದೊಡ್ಡ ಮಗ ಅಲ್ವಾ." ನಂತರ ಗೆಳೆಯನ ಕಡೆ ತಿರುಗಿ, "ಅವತ್ತು ನಕಲಿ, ಇವತ್ತು ಅಸಲಿ. ಅಣ್ಣ ನಿಮಗೆಷ್ಟು ಕೊಟ್ಟ?"

ಗೆಳೆಯನ ಕಿವಿ ಕೆಂಪಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ತಾಯಿ ಒಬ್ಬರಾದ ಮೇಲೊಬ್ಬರ ಮುಖ ನೋಡಿ, ಆಮೇಲೆ ಗಾಜಿನಾಚೆಯ ಬೆನ್ನನ್ನು ನೋಡಿದರು. ಎಲ್ಲ ಅರ್ಥವಾಯಿತೆಂದು ಕಾಣುತ್ತದೆ.

"ಮೊನಚಾಗಿರೋದು ಏನಾದರೂ ಕೊಡಪ್ಪಾ," ಎಂದರು.

ಗೆಳೆಯ ಗೀರುವ ಸೂಜಿ ಕೊಟ್ಟ. ಆಕೆ ಕನ್ನಡಕ ಹಾಕಿಕೊಳ್ಳಲಿಲ್ಲ. ಹಿಡಿಯನ್ನು ಮಡಿಲಲ್ಲಿಟ್ಟು, ಹೆಬ್ಬೆರಳಿನಿಂದ ಮೊದಲ ಅಕ್ಷರ ಹುಡುಕಿ ಸೂಜಿ ಇಳಿಸಿದರು. ಅಕ್ಷರದ ಸುತ್ತು ಮುಗಿಯುವಲ್ಲಿ ಸೂಜಿ ತುಸು ಎಡಕ್ಕೆ ಜಾರಿತು. ಎರಡನೆಯ ಅಕ್ಷರದಲ್ಲೂ ಅಲ್ಲೇ ಜಾರಿತು.

ಗೆಳೆಯ ಮಸೂರವನ್ನು ಮೆಕ್ಯಾನಿಕ್ಕಿಗೆ ಕೊಟ್ಟ. "ನನ್ನ ಮಾತು ನಂಬಬೇಡಿ. ಆಕೆ ಇನ್ನೂ ಮುಟ್ಟದಿರೋ ಅಕ್ಷರ ನೋಡಿ."

ಅವನು ನೋಡಿದ. ಉಳಿದ ಎಲ್ಲ ಅಕ್ಷರಗಳಲ್ಲೂ ಅದೇ ಜಾರು ಇತ್ತು. ಮಸೂರವನ್ನು ಮೇಜಿನ ಮೇಲಿಟ್ಟ.

"ನೋಡಿಯಾಯ್ತಾ? ಇನ್ನು ಹೊರಗೆ ನಿಂತಿರೋನನ್ನ ಕರಿ," ಎಂದರು ತಾಯಿ.

ಅವನು ಬಾಗಿಲು ತೆರೆದ. "ಅಣ್ಣಾ, ಒಳಗ್ ಬಾ. ಅಮ್ಮ ಕರೀತಿದಾಳೆ."

"ನಾನಲ್ಲ ಕಣೋ, ಕರೀತಿರೋದು ನಿನ್ನ ತಮ್ಮನೇ!" ಎಂದು ಆಕೆ ಒಳಗಿಂದ ಕೂಗಿದರು.

ಗುಮಾಸ್ತ ಒಳಗೆ ಬಂದ. ತಮ್ಮನ ಕಡೆ ನೋಡಲಿಲ್ಲ. ಗೆಳೆಯನನ್ನು, "ಕಳ್ಳ ಸಿಕ್ಕಿದನಾ?" ಎಂದು ಕೇಳಿದ.

"ತಪ್ಪು ನಂದು," ಎಂದ ಗೆಳೆಯ. ಆ ಮಾತು ಅವನ ಬಾಯಿಂದ ನಾನು ಹಿಂದೆಂದೂ ಕೇಳಿರಲಿಲ್ಲ. "ಚಾಕು ನಿಮ್ಮ ಅಪ್ಪನದೇ. ಆದರೆ ತಿದ್ದಿದ್ದರಿಂದ ಬೆಲೆ ಹೋಗಿದೆ. ಇಂಥದ್ದನ್ನ ಕೂಡಿಡೋರು ತಿದ್ದಿದ ಹೆಸರು ಕಂಡರೆ ದೂರ ಸರೀತಾರೆ."

"ಸದ್ಯ," ಎಂದರು ತಾಯಿ, ಚಾಕುವನ್ನು ಒರೆಗೆ ಹಾಕುತ್ತಾ. "ಇನ್ನು ಇದನ್ನ ಯಾರೂ ಕದಿಯಲ್ಲ."

ಮೆಕ್ಯಾನಿಕ್ಕು ಒಂದು ಕುರ್ಚಿ ಎಳೆದು ಅಣ್ಣನ ಹಿಂದೆ ಇಟ್ಟ. ಗುಮಾಸ್ತ ನಗಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಕೂತ.